ಶೇ. 0.04ರಷ್ಟಿರುವ ಅನಿಲ ಇಡೀ ಭೂಮಿಯನ್ನು ಬಿಸಿ ಮಾಡುವುದು ಹೇಗೆ?

ಪ್ರಶ್ನೆ: ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಇರುವುದೇ ಶೇ. 0.04ರಷ್ಟು. ಹಸಿರುಮನೆ ಪರಿಣಾಮದಲ್ಲಿ ನೀರಾವಿಯ ಪಾಲೇ ದೊಡ್ಡದು ಎಂದೂ ಓದಿದ್ದೇನೆ. ಕಾರ್ಬನ್ ಡೈಆಕ್ಸೈಡ್ ಹೀರಬಹುದಾದ ಶಾಖವನ್ನೆಲ್ಲ ಈಗಾಗಲೇ ಹೀರುತ್ತಿದೆ, ಇನ್ನಷ್ಟು ಸೇರಿದರೂ ಏನೂ ಆಗದು ಎನ್ನುವವರೂ ಇದ್ದಾರೆ. ಹೀಗಿರುವಾಗ ಭೂಮಿ ಬಿಸಿಯಾಗುತ್ತಿರುವುದು ಮನುಷ್ಯರು ಬಿಟ್ಟ ಹೊಗೆಯಿಂದಲೇ ಎಂದು ಅಷ್ಟು ಖಚಿತವಾಗಿ ಹೇಳುವುದು ಹೇಗೆ? ನಾಳೆಯೇ ಎಲ್ಲವನ್ನೂ ನಿಲ್ಲಿಸಿದರೆ ಭೂಮಿ ಮತ್ತೆ ತಣ್ಣಗಾಗುತ್ತದೆಯೆ?

ಉತ್ತರ: ಒಂದು ಪ್ರಶ್ನೆಯೊಳಗೆ ಐದು ಪ್ರಶ್ನೆಗಳಿವೆ. ಮೊದಲನೆಯದು ಸುಲಭದ್ದು. ಮೂರನೆಯದು, ಅಂದರೆ "ಈಗಾಗಲೇ ಪೂರ್ತಿ ಹೀರಿಯಾಗಿದೆ" ಎಂಬ ಆಕ್ಷೇಪ, ಮೇಲ್ನೋಟಕ್ಕೆ ಕಾಣುವುದಕ್ಕಿಂತ ಗಟ್ಟಿಯಾದದ್ದು. ಅದಕ್ಕೆ ಸರಿಯಾದ ಉತ್ತರ ಸಿಗಲು ಭೌತವಿಜ್ಞಾನಕ್ಕೇ ಸುಮಾರು ಅರ್ಧ ಶತಮಾನ ಹಿಡಿಯಿತು. ಕೊನೆಯ ಪ್ರಶ್ನೆಗೆ ಹೆಚ್ಚಿನವರು ಕೊಡುವ ಉತ್ತರ ತಪ್ಪು.

0.04 ಎಂಬ ಸಂಖ್ಯೆಯಲ್ಲಿ ತಪ್ಪಿಲ್ಲ, ತಪ್ಪಿರುವುದು ಅದರ ಛೇದದಲ್ಲಿ. ಒಣಗಾಳಿಯಲ್ಲಿ ಶೇ. 78 ಸಾರಜನಕ, ಶೇ. 21 ಆಮ್ಲಜನಕ, ಶೇ. 0.93 ಆರ್ಗಾನ್. ಮೂರೂ ಸೇರಿದರೆ ಶೇ. 99.9 ದಾಟುತ್ತದೆ. ಆದರೆ ಬಿಸಿಯಾದ ನೆಲ ಹೊರಸೂಸುವ ಅವಕೆಂಪು ಕಿರಣಗಳ ಪಾಲಿಗೆ ಈ ಮೂರೂ ಇದ್ದೂ ಇಲ್ಲದಂತೆ. ಸಾರಜನಕ, ಆಮ್ಲಜನಕದ ಅಣುಗಳಲ್ಲಿ ಒಂದೇ ಬಗೆಯ ಎರಡು ಪರಮಾಣುಗಳಿವೆ. ಅವು ಎಷ್ಟೇ ಕಂಪಿಸಿದರೂ ವಿದ್ಯುದಾವೇಶ ಒಂದು ಬದಿಗೆ ವಾಲುವುದಿಲ್ಲ. ವಾಲದಿದ್ದರೆ ವಿದ್ಯುತ್ಕಾಂತೀಯ ಅಲೆ ಅಣುವನ್ನು ಹಿಡಿಯಲಾರದು. ಆರ್ಗಾನ್ ಒಂಟಿ ಪರಮಾಣು, ಅಲ್ಲಿ ಕಂಪಿಸುವುದಕ್ಕೇ ಏನೂ ಇಲ್ಲ. ಕಾರ್ಬನ್ ಡೈಆಕ್ಸೈಡ್ ಹಾಗಲ್ಲ. ನಡುವೆ ಇಂಗಾಲ, ಆಚೀಚೆ ಆಮ್ಲಜನಕ, ಮೂರೂ ಒಂದೇ ಸಾಲಿನಲ್ಲಿ. ಈ ಸಾಲು ಬಿಲ್ಲಿನಂತೆ ಬಾಗಿದಾಗ ಆವೇಶದ ಸಮತೋಲ ತಪ್ಪುತ್ತದೆ, ಮತ್ತು ಆ ಬಾಗುವಿಕೆಯ ಲಯ ಸುಮಾರು 15 ಮೈಕ್ರಾನ್ (ಮೈಕ್ರಾನ್ ಎಂದರೆ ಮೀಟರಿನ ಹತ್ತು ಲಕ್ಷದ ಒಂದು ಪಾಲು) ಉದ್ದದ ಅಲೆಗೆ ಸರಿಯಾಗಿ ಹೊಂದುತ್ತದೆ. ಭೂಮಿ ಶಾಖ ಹೊರಸೂಸುವ ಪಟ್ಟಿಯ ನಡುಭಾಗದಲ್ಲೇ ಈ 15 ಮೈಕ್ರಾನ್ ಬರುತ್ತದೆ ಎಂಬುದು ಇಡೀ ಕತೆಯ ತಿರುಳು.

ಹಾಗಾಗಿ ಶೇಕಡಾವಾರು ಬಿಟ್ಟು ತೂಕದಲ್ಲಿ ಅಳೆದು ನೋಡಿ. ಪ್ರತಿ ಚದರ ಮೀಟರ್ ನೆಲದ ಮೇಲೆ ಸುಮಾರು 10 ಟನ್ ಗಾಳಿ ನಿಂತಿದೆ. ಅದರಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು ಆರೂವರೆ ಕಿಲೋ. ಕೈಗಾರಿಕೆಗಳಿಗೆ ಮುಂಚೆ ಇದ್ದದ್ದು ನಾಲ್ಕು ಕಿಲೋ ಚಿಲ್ಲರೆ. ಈ ಅನಿಲವನ್ನಷ್ಟೇ ಬೇರ್ಪಡಿಸಿ ಸಮುದ್ರಮಟ್ಟದ ಒತ್ತಡದಲ್ಲಿ ಹರವಿದರೆ ಭೂಮಿಯ ಸುತ್ತ ಸುಮಾರು 3.4 ಮೀಟರ್ ದಪ್ಪದ ಪದರವಾಗುತ್ತದೆ. ಇದೇ ಲೆಕ್ಕದಲ್ಲಿ ಓಝೋನ್ ಪದರದ ದಪ್ಪ ಬರೀ 3 ಮಿಲಿಮೀಟರ್. ಓಝೋನ್ ತೀರಾ ಕಡಿಮೆಯಿದೆ, ಅದು ನೇರಳಾತೀತ ಕಿರಣವನ್ನು ಹೇಗೆ ತಡೆದೀತು ಎಂದು ಯಾರೂ ಕೇಳುವುದಿಲ್ಲ. ಇಂಗಾಲದ ವಿಷಯದಲ್ಲಿ ಮಾತ್ರ ಈ ಅನುಮಾನ ಏಕೆ ಹುಟ್ಟುತ್ತದೋ!

ಇನ್ನು ನೀರಾವಿ. ಸೂರ್ಯನಿಂದ ಭೂಮಿಯ ದೂರದಲ್ಲಿ ಚದರ ಮೀಟರಿಗೆ 1,361 ವಾಟ್ ಶಕ್ತಿ ಬರುತ್ತದೆ. ಭೂಮಿ ದುಂಡಗಿದ್ದು ಅರ್ಧಭಾಗ ಸದಾ ಕತ್ತಲಲ್ಲಿರುವುದರಿಂದ ಇಡೀ ಮೇಲ್ಮೈಗೆ ಹಂಚಿದರೆ ಅದರ ನಾಲ್ಕನೇ ಒಂದು ಪಾಲು, ಅಂದರೆ 340 ವಾಟ್. ಅದರಲ್ಲಿ ಶೇ. 30 ಮೋಡ, ಹಿಮ, ಮರಳಿಗೆ ತಾಗಿ ವಾಪಸ್ ಹೋಗುತ್ತದೆ. ಉಳಿದ ಸುಮಾರು 240 ವಾಟನ್ನು ಭೂಮಿ ಬಾಹ್ಯಾಕಾಶಕ್ಕೆ ಹಿಂದಿರುಗಿಸಲೇಬೇಕು. 240 ವಾಟ್ ಸೂಸಲು ಒಂದು ಕಾಯಕ್ಕೆ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. ಆದರೆ ನೆಲದ ಸರಾಸರಿ ಉಷ್ಣಾಂಶ ಸುಮಾರು 15 ಡಿಗ್ರಿ. ಈ 33 ಡಿಗ್ರಿಯ ವ್ಯತ್ಯಾಸವೇ ಹಸಿರುಮನೆ ಪರಿಣಾಮ. ಇದರಲ್ಲಿ ಹೆಚ್ಚುಕಡಿಮೆ ಅರ್ಧ ನೀರಾವಿಯದು, ಕಾಲುಭಾಗ ಮೋಡಗಳದು, ಐದನೇ ಒಂದು ಪಾಲು ಕಾರ್ಬನ್ ಡೈಆಕ್ಸೈಡ್‌ನದು. ಅಷ್ಟರಮಟ್ಟಿಗೆ ನೀವು ಓದಿದ್ದು ನಿಜ.

ಆದರೆ ಪಾಲು ದೊಡ್ಡದಾದ ಮಾತ್ರಕ್ಕೆ ಹಿಡಿತ ಅದರ ಕೈಯಲ್ಲಿರುವುದಿಲ್ಲ. ನೀರಾವಿಯ ಒಂದು ಅಣು ಗಾಳಿಯಲ್ಲಿ ಇರುವುದು ಸರಾಸರಿ ಒಂಬತ್ತು ಹತ್ತು ದಿನ. ಹೆಚ್ಚು ಸೇರಿಸಿದರೆ ಮಳೆಯಾಗಿ ಇಳಿದುಹೋಗುತ್ತದೆ. ಗಾಳಿ ಎಷ್ಟು ಆವಿಯನ್ನು ಹೊರಬಲ್ಲದು ಎಂಬುದನ್ನು ತೀರ್ಮಾನಿಸುವುದು ಉಷ್ಣಾಂಶ: ಒಂದು ಡಿಗ್ರಿ ಏರಿದರೆ ಸುಮಾರು ಶೇ. 7ರಷ್ಟು ಹೆಚ್ಚು. ಕಾರ್ಬನ್ ಡೈಆಕ್ಸೈಡ್ ಭೂಮಿಯ ಮೇಲಿನ ಯಾವ ಚಳಿಯಲ್ಲೂ ಮಳೆಯಾಗಿ ಬೀಳುವುದಿಲ್ಲ. ಅದು ಉಷ್ಣಾಂಶವನ್ನು ಸ್ವಲ್ಪ ಎತ್ತುತ್ತದೆ. ಗಾಳಿ ಹೆಚ್ಚು ಆವಿ ಹೊರುತ್ತದೆ. ಆ ಆವಿ ಉಷ್ಣಾಂಶವನ್ನು ಇನ್ನಷ್ಟು ಎತ್ತುತ್ತದೆ. ಕಾರ್ಬನ್ ಡೈಆಕ್ಸೈಡ್ ದುಪ್ಪಟ್ಟಾದರೆ ಅದೊಂದರಿಂದಲೇ ಆಗುವ ಏರಿಕೆ 1.2 ಡಿಗ್ರಿಯ ಆಸುಪಾಸು. ನೀರಾವಿ, ಕರಗುವ ಹಿಮ, ಬದಲಾಗುವ ಮೋಡ ಎಲ್ಲವೂ ಪ್ರತಿಕ್ರಿಯಿಸಿದ ಮೇಲೆ ಅದು 3 ಡಿಗ್ರಿಯ ಹತ್ತಿರ ನಿಲ್ಲುತ್ತದೆ; ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ವಿಜ್ಞಾನ ಸಮಿತಿಯಾದ ಐಪಿಸಿಸಿಯ 2021ರ ವರದಿ ಕೊಡುವ ಸಂಭವನೀಯ ವ್ಯಾಪ್ತಿ 2.5ರಿಂದ 4. ಇಲ್ಲಿ ಉಳಿದಿರುವ ಅನಿಶ್ಚಯದ ದೊಡ್ಡ ಪಾಲು ಮೋಡಗಳದು. ನೀರಾವಿಯ ಬಗ್ಗೆ ಗೊಂದಲವಿಲ್ಲ.

ಈಗ ಮೂರನೆಯ ಆಕ್ಷೇಪ. 1896ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ ಕೈಯಲ್ಲೇ ಲೆಕ್ಕ ಹಾಕಿ, ಕಾರ್ಬನ್ ಡೈಆಕ್ಸೈಡ್ ದುಪ್ಪಟ್ಟಾದರೆ ಭೂಮಿ 5-6 ಡಿಗ್ರಿ ಬಿಸಿಯಾದೀತು ಎಂದರು. ಕೆಲವೇ ವರ್ಷಗಳಲ್ಲಿ ಅದೇ ದೇಶದ ಕ್ನುಟ್ ಓಂಗ್‌ಸ್ಟ್ರಾಮ್ ಕೊಳವೆಯಲ್ಲಿ ಅನಿಲ ತುಂಬಿಸಿ ಅವಕೆಂಪು ಕಿರಣ ಹಾಯಿಸಿದ ಪ್ರಯೋಗವನ್ನು ಮುಂದಿಟ್ಟರು. ಅನಿಲದ ಪ್ರಮಾಣ ಬದಲಿಸಿದರೂ ಹೀರಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಲ್ಲಿಗೆ ಅರೇನಿಯಸ್ ಲೆಕ್ಕ ಮೂಲೆಗೆ ಸೇರಿತು. ಪ್ರಯೋಗದ ಅಳತೆ ಹೆಚ್ಚುಕಡಿಮೆ ಸರಿಯೇ. ಅದರಿಂದ ತೆಗೆದ ತೀರ್ಮಾನ ತಪ್ಪು. ಕೊಳವೆಯೊಳಗಿನ ಗಾಳಿ ಒಂದೇ ಉಷ್ಣಾಂಶದ ಒಂದೇ ಮುದ್ದೆ. ವಾಯುಮಂಡಲ ಹಾಗಿಲ್ಲ.

ನೆಲದಿಂದ ಹೊರಟ 15 ಮೈಕ್ರಾನಿನ ಕಿರಣವನ್ನು ಕೆಳಗಿನ ಗಾಳಿ ಬೇಗನೆ ಹೀರುತ್ತದೆ, ನಿಜ. ಆದರೆ ಹೀರಿದ ಗಾಳಿ ಬಿಸಿಯಿದೆಯಾದ್ದರಿಂದ ತಾನೂ ಮೇಲಕ್ಕೂ ಕೆಳಕ್ಕೂ ಕಿರಣ ಸೂಸುತ್ತದೆ. ಅದನ್ನು ಮೇಲಿನ ಪದರ ಹೀರುತ್ತದೆ, ಮತ್ತೆ ಸೂಸುತ್ತದೆ. ಹೀಗೆ ಕೈಯಿಂದ ಕೈಗೆ ದಾಟುತ್ತ ಹೋದ ಶಾಖ, ಗಾಳಿ ಸಾಕಷ್ಟು ತೆಳುವಾದ ಒಂದು ಎತ್ತರದಿಂದ ಕೊನೆಗೆ ಬಾಹ್ಯಾಕಾಶಕ್ಕೆ ತಪ್ಪಿಸಿಕೊಳ್ಳುತ್ತದೆ. ಎಲ್ಲ ಅಲೆಗಳನ್ನೂ ಸೇರಿಸಿ ಸರಾಸರಿ ತೆಗೆದರೆ ಈ ಎತ್ತರ ಸುಮಾರು 5 ಕಿಲೋಮೀಟರ್. ಮೇಲೆ ಹೋದಂತೆ ಗಾಳಿ ಕಿಲೋಮೀಟರಿಗೆ ಸುಮಾರು ಆರೂವರೆ ಡಿಗ್ರಿ ತಣ್ಣಗಾಗುತ್ತದೆ. 5 ಇಂಟು 6.5, ಸುಮಾರು 33. ಮೇಲೆ ಕಂಡ ಅದೇ 33. ಇದು ಕಾಕತಾಳೀಯವಲ್ಲ: ಭೂಮಿ ಮೈನಸ್ 18 ಡಿಗ್ರಿಯಲ್ಲಿ ಶಾಖ ಸೂಸುತ್ತಿರುವುದು ಆ ಎತ್ತರದಿಂದ, ನೆಲದಿಂದಲ್ಲ.

ಕಾರ್ಬನ್ ಡೈಆಕ್ಸೈಡ್ ಹೆಚ್ಚಿದರೆ ಗಾಳಿ "ಸಾಕಷ್ಟು ತೆಳು" ಎನಿಸಿಕೊಳ್ಳುವ ಮಟ್ಟ ಮೇಲೇರುತ್ತದೆ. ದುಪ್ಪಟ್ಟಾದರೆ ಸರಾಸರಿ 150 ಮೀಟರಿನಷ್ಟು. ಅಲ್ಲಿ ಗಾಳಿ ಒಂದು ಡಿಗ್ರಿಯಷ್ಟು ಹೆಚ್ಚು ತಣ್ಣಗಿದೆ, ತಣ್ಣಗಿರುವುದು ಕಡಿಮೆ ಸೂಸುತ್ತದೆ. ಒಳಬರುವುದು 240 ವಾಟ್, ಹೊರಹೋಗುವುದು ಅದಕ್ಕಿಂತ ಕಡಿಮೆ. ಲೆಕ್ಕ ಸರಿಹೋಗುವ ತನಕ ನೆಲದಿಂದ ಆ ಮಟ್ಟದವರೆಗಿನ ಗಾಳಿ ಬಿಸಿಯಾಗಲೇಬೇಕು. ಕೆಳಮಟ್ಟದಲ್ಲಿ ಹೀರಿಕೆ ಪೂರ್ತಿಯಾಗಿದೆಯೋ ಇಲ್ಲವೋ ಎಂಬುದು ಈ ಲೆಕ್ಕಕ್ಕೆ ಸಂಬಂಧಪಡುವುದೇ ಇಲ್ಲ. ಇನ್ನೊಂದು ವಿಷಯ: 15 ಮೈಕ್ರಾನಿನ ನಡುಭಾಗ ತುಂಬಿದ್ದರೂ ಅದರ ಅಂಚುಗಳಲ್ಲಿ ಕಿರಣ ಇನ್ನೂ ಅಷ್ಟಿಷ್ಟು ಸೋರುತ್ತಿದೆ. ಅನಿಲ ಹೆಚ್ಚಿದಂತೆ ಆ ಅಂಚುಗಳು ಅಗಲವಾಗಿ ಮುಚ್ಚಿಕೊಳ್ಳುತ್ತವೆ.

ಆಕ್ಷೇಪದಲ್ಲಿ ಒಂದು ಚೂರು ಸತ್ಯವಿದೆ, ಅದನ್ನು ಮುಚ್ಚಿಡಬೇಕಿಲ್ಲ. ಪರಿಣಾಮ ಬೆಳೆಯುವುದು ಲಾಗರಿದಮ್ ಲೆಕ್ಕದಲ್ಲಿ. ಅಂದರೆ 280ರಿಂದ 560 ಪಿಪಿಎಂಗೆ ಏರಿದರೆ ಆಗುವಷ್ಟೇ ಏರಿಕೆ ಮತ್ತೆ ಆಗಲು 560ರಿಂದ 1,120ಕ್ಕೆ ಹೋಗಬೇಕು. ಪಿಪಿಎಂ ಎಂದರೆ ಹತ್ತು ಲಕ್ಷ ಅಣುಗಳಲ್ಲಿ ಎಷ್ಟು ಎಂಬ ಲೆಕ್ಕ. ಇದನ್ನು ಕ್ಯಾಲ್ಕುಲೇಟರಿನಲ್ಲಿ ನೀವೇ ಮಾಡಬಹುದು. ಈಗಿನ ಪ್ರಮಾಣ ಸುಮಾರು 425, ಕೈಗಾರಿಕೆಗಳಿಗೆ ಮುಂಚಿನದು 280. ಭಾಗಿಸಿದರೆ 1.52. ಅದರ ಸ್ವಾಭಾವಿಕ ಲಾಗರಿದಮ್ (10ರ ಲಾಗ್ ಗುಂಡಿ ಒತ್ತಬೇಡಿ, ಹೆಚ್ಚಿನವರು ಎಡವುವುದು ಅಲ್ಲೇ) ಸುಮಾರು 0.417. ಅದನ್ನು ಕಾರ್ಬನ್ ಡೈಆಕ್ಸೈಡ್‌ಗೆ ವಿಜ್ಞಾನಿಗಳು ಲೆಕ್ಕ ಹಾಕಿಟ್ಟಿರುವ ಗುಣಕ 5.35ರಿಂದ ಗುಣಿಸಿ: ಚದರ ಮೀಟರಿಗೆ 2.2 ವಾಟ್. ಸಣ್ಣ ಸಂಖ್ಯೆ ಅನ್ನಿಸುತ್ತದೆ. ಭೂಮಿಯ ಇಡೀ ಮೇಲ್ಮೈಗೆ ಗುಣಿಸಿದರೆ, ಮನುಕುಲ ಕಲ್ಲಿದ್ದಲು, ತೈಲ, ಅಣುಶಕ್ತಿ ಎಲ್ಲದರಿಂದ ಪಡೆದು ಬಳಸುವ ಒಟ್ಟು ಶಕ್ತಿಯ 50 ಪಟ್ಟಿಗೂ ಹೆಚ್ಚು. ಒಲೆ ಉರಿಸಿದ ಶಾಖ ಆರಿಹೋಗುತ್ತದೆ. ಅದರ ಹೊಗೆ ಮಾಡುವ ಕೆಲಸ ಮುಂದುವರಿಯುತ್ತಲೇ ಇರುತ್ತದೆ.

ಈ ಹೆಚ್ಚುವರಿ ಅನಿಲ ನಮ್ಮದೇ ಎಂಬುದಕ್ಕೆ ಪುರಾವೆ ಬೇಕಾದಷ್ಟಿದೆ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಸಾದಾ ಜಮಾ-ಖರ್ಚಿನ ಲೆಕ್ಕ. ಇಂಧನ ಸುಡುವುದು, ಸಿಮೆಂಟ್ ತಯಾರಿಕೆ, ಕಾಡು ಕಡಿಯುವುದು ಸೇರಿ ವರ್ಷಕ್ಕೆ ಸುಮಾರು 4,000 ಕೋಟಿ ಟನ್ ಕಾರ್ಬನ್ ಡೈಆಕ್ಸೈಡ್ ಬಿಡುತ್ತೇವೆ. ಒಂದು ಪಿಪಿಎಂ ಎಂದರೆ 780 ಕೋಟಿ ಟನ್. ಅಂದಮೇಲೆ ವರ್ಷಕ್ಕೆ 5 ಪಿಪಿಎಂ ಏರಬೇಕಿತ್ತು. ಏರುತ್ತಿರುವುದು ಎರಡೂವರೆಯ ಆಸುಪಾಸು. ಉಳಿದದ್ದನ್ನು ಕಡಲು ಮತ್ತು ಕಾಡು ಹೀರಿಕೊಳ್ಳುತ್ತಿವೆ. ಕಡಲು ಮತ್ತು ಮಣ್ಣು ಉಸಿರುವ ಅನಿಲ ನಮ್ಮದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಎಂಬ ವಾದ ನೀವು ಕೇಳಿರಬಹುದು. ಹೌದು, ಆದರೆ ಬಿಟ್ಟದ್ದನ್ನು ಹಿಂದಕ್ಕೆ ತೆಗೆದುಕೊಂಡು, ಮೇಲಿಂದ ನಮ್ಮದರಲ್ಲೂ ಅರ್ಧ ತೆಗೆದುಕೊಳ್ಳುತ್ತಿರುವ ಪ್ರಕೃತಿ ಈ ಏರಿಕೆಗೆ ಕಾರಣವಾಗಲು ಸಾಧ್ಯವೇ ಇಲ್ಲ.

ಅನಿಲದ ಮೇಲೆ ಅದರ ಊರಿನ ಗುರುತೂ ಇದೆ. ಇಂಗಾಲದ ಪರಮಾಣುಗಳಲ್ಲಿ ತೂಕದ ಮೇಲೆ 12, 13, 14 ಎಂದು ಮೂರು ಬಗೆ. ಇಂಗಾಲ-14 ವಿಕಿರಣಶೀಲ, ಕೋಟ್ಯಂತರ ವರ್ಷ ನೆಲದಡಿಯಿದ್ದ ಕಲ್ಲಿದ್ದಲು, ತೈಲದಲ್ಲಿ ಅದು ಪೂರ್ತಿ ಕ್ಷಯಿಸಿಹೋಗಿರುತ್ತದೆ. ಗಾಳಿಗೆ ಇಂಥ ಇಂಗಾಲ ಸೇರಿದಷ್ಟೂ ಇಂಗಾಲ-14ರ ಪಾಲು ತೆಳುವಾಗಬೇಕು. ಅದು ತೆಳುವಾಗುತ್ತಿರುವುದನ್ನು ವಿಜ್ಞಾನಿ ಹಾನ್ಸ್ ಸ್ಯೂಸ್ 1955ರಲ್ಲೇ ಮರಗಳ ಇಂಗಾಲದಲ್ಲಿ ತೋರಿಸಿದರು. ಇಂಗಾಲ-13ರ ಪಾಲೂ ಇಳಿಯುತ್ತಿದೆ, ಏಕೆಂದರೆ ಸಸ್ಯಗಳಿಗೆ ಹಗುರವಾದ ಇಂಗಾಲ-12 ಹೆಚ್ಚು ಹಿತ. ಕಲ್ಲಿದ್ದಲು, ತೈಲಗಳ ಮೂಲವೂ ಜೀವಿಗಳೇ. ಸುಡಲು ಆಮ್ಲಜನಕ ಬೇಕಲ್ಲವೆ? ಅದೂ ಲೆಕ್ಕಕ್ಕೆ ತಕ್ಕಂತೆ ಕಡಿಮೆಯಾಗುತ್ತಿದೆ. ಉಸಿರಾಟಕ್ಕೆ ತೊಂದರೆಯಾಗುವಷ್ಟಲ್ಲ, ಅಳೆಯಲು ಸಾಕಾಗುವಷ್ಟು. ಜ್ವಾಲಾಮುಖಿಗಳು ವರ್ಷಕ್ಕೆ ಉಗುಳುವುದು ನಾವು ಬಿಡುವುದರ ಶೇ. 1ಕ್ಕಿಂತ ಕಡಿಮೆ.

ಸೂರ್ಯನೇ ಪ್ರಖರವಾಗಿದ್ದಾನೆಯೆ ಎಂದರೆ, ಉಪಗ್ರಹಗಳು 1978ರಿಂದ ಅಳೆಯುತ್ತಿವೆ. 11 ವರ್ಷದ ಏರಿಳಿತ ಬಿಟ್ಟರೆ ಏರುಮುಖ ಕಾಣುವುದಿಲ್ಲ. ಅದಕ್ಕಿಂತ ಖಚಿತವಾದ ಪರೀಕ್ಷೆ ಇರುವುದು ಎತ್ತರದಲ್ಲಿ. ಸೂರ್ಯ ಕಾರಣವಾಗಿದ್ದರೆ ವಾಯುಮಂಡಲ ಕೆಳಗಿನಿಂದ ಮೇಲಿನವರೆಗೂ ಬಿಸಿಯಾಗಬೇಕಿತ್ತು. ಆದರೆ ಕೆಳಪದರ ಬಿಸಿಯಾಗುತ್ತಿದ್ದರೆ ಅದರ ಮೇಲಿನ ಸ್ತರಗೋಳ ತಣ್ಣಗಾಗುತ್ತಿದೆ. ಅಲ್ಲಿ ಕಾರ್ಬನ್ ಡೈಆಕ್ಸೈಡ್‌ನ ಕೆಲಸ ಉಲ್ಟಾ: ಓಝೋನ್ ಹೀರಿದ ಶಾಖವನ್ನು ಬಾಹ್ಯಾಕಾಶಕ್ಕೆ ಸೂಸುವ ರೇಡಿಯೇಟರಿನಂತೆ ಅದು ವರ್ತಿಸುತ್ತದೆ. ಹವಾಮಾನ ವಿಜ್ಞಾನಿಗಳಾದ ಸ್ಯುಕುರೋ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್ 1967ರಲ್ಲಿ, ಅಳತೆಗಳು ಬರುವ ಮುಂಚೆಯೇ, ಹೀಗೇ ಆಗುತ್ತದೆ ಎಂದು ಲೆಕ್ಕ ಹಾಕಿದ್ದರು. ಮನಾಬೆ ಅವರಿಗೆ 2021ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ಓಝೋನ್ ನಾಶದಿಂದಲೂ ಸ್ತರಗೋಳ ಸ್ವಲ್ಪ ತಣ್ಣಗಾಗಿದೆ, ಅದನ್ನು ಬೇರೆಯಾಗಿ ಕಳೆಯಬೇಕು. ಕಳೆದ ಮೇಲೂ ಉಳಿಯುವ ಇಳಿಕೆ, ಅದರಲ್ಲೂ ಮೇಲ್ಭಾಗದ್ದು, ಕಾರ್ಬನ್ ಡೈಆಕ್ಸೈಡ್‌ನದು.

ಸೇರಿದ ಶಾಖ ಎಲ್ಲಿ ಹೋಗುತ್ತಿದೆ? ಶೇ. 90ಕ್ಕಿಂತ ಹೆಚ್ಚು ಕಡಲಿಗೆ. ನಾವು ದಿನವೂ ಮಾತಾಡುವ ಗಾಳಿಯ ಉಷ್ಣಾಂಶ ಈ ಲೆಕ್ಕದಲ್ಲಿ ಚಿಲ್ಲರೆ. ಅದಕ್ಕೇ ಒಂದು ವರ್ಷದ ಗಾಳಿಯ ಉಷ್ಣಾಂಶ ನೋಡಿ ಮೋಸಹೋಗಬಾರದು. 2024ರ ಸರಾಸರಿ ಕೈಗಾರಿಕಾಪೂರ್ವ ಮಟ್ಟಕ್ಕಿಂತ ಸುಮಾರು 1.55 ಡಿಗ್ರಿ ಹೆಚ್ಚಿತ್ತು. ಇದರಲ್ಲಿ ಎಲ್ ನಿನೋದ, ಅಂದರೆ ಕೆಲವು ವರ್ಷಗಳಿಗೊಮ್ಮೆ ಪೆಸಿಫಿಕ್ ಕಡಲಿನ ಮೇಲ್ಮೈ ಬಿಸಿಯೇರುವ ವಿದ್ಯಮಾನದ, ಕೈವಾಡವೂ ಇತ್ತು. ದೇಶಗಳು ಪ್ಯಾರಿಸ್ ಒಪ್ಪಂದದಲ್ಲಿ ಗುರಿಯಿಟ್ಟ 1.5 ಡಿಗ್ರಿಯ ಗಡಿ ದಾಟಿತು ಎನ್ನಲು ಐಪಿಸಿಸಿ ನೋಡುವುದು 20 ವರ್ಷದ ಸರಾಸರಿ. ಮುಂದೊಂದು ವರ್ಷ ಇದಕ್ಕಿಂತ ತಣ್ಣಗಿದ್ದರೆ ಏರಿಕೆ ನಿಂತಿತು ಎಂದೂ ಅರ್ಥವಲ್ಲ.

ಪರಿಣಾಮಗಳ ಬಗ್ಗೆ ನೀವು ಕೇಳಿಲ್ಲವಾದರೂ ಒಂದೆರಡನ್ನು ಹೇಳಲೇಬೇಕು, ಏಕೆಂದರೆ ಸರಾಸರಿಯ ಒಂದು ಡಿಗ್ರಿ ಯಾರನ್ನೂ ಹೆದರಿಸುವುದಿಲ್ಲ. ಹೊಡೆತ ಬೀಳುವುದು ಅಂಚಿನಲ್ಲಿ. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದ ಹವಾಮಾನದಲ್ಲಿ 50 ವರ್ಷಕ್ಕೊಮ್ಮೆ ಬರುತ್ತಿದ್ದ ತೀವ್ರ ಬಿಸಿ, 1 ಡಿಗ್ರಿ ಏರಿದ ಜಗತ್ತಿನಲ್ಲಿ ಅದೇ ಅವಧಿಯಲ್ಲಿ ಸುಮಾರು 5 ಸಲ ಬರುತ್ತದೆ, 1.5 ಡಿಗ್ರಿಗೆ 8-9 ಸಲ. 2 ಡಿಗ್ರಿಗೆ ಸುಮಾರು 14 ಸಲ. ಏರಿಕೆ ಅರ್ಧ ಡಿಗ್ರಿ, ಹೊಡೆತ ಒಂದೂವರೆ ಪಟ್ಟಿಗೂ ಮಿಗಿಲು. ಶೇ. 7ರ ಆವಿ ಲೆಕ್ಕ ಮಳೆಗೂ ಅನ್ವಯಿಸುತ್ತದೆ: ಜಡಿಮಳೆ ಇನ್ನಷ್ಟು ಜಡಿಯುತ್ತದೆ. ಅದೇ ಬಾಯಾರಿದ ಗಾಳಿ ಮಳೆಯಿಲ್ಲದ ಕಡೆ ಮಣ್ಣಿನ ತೇವವನ್ನೂ ಎಳೆದುಕೊಳ್ಳುತ್ತದೆ. ಹಾಗಾಗಿ ನೆರೆಯೂ ಬರವೂ ಎರಡೂ ಹೆಚ್ಚುವುದರಲ್ಲಿ ವಿರೋಧಾಭಾಸವಿಲ್ಲ.

ಈಗ ಕೊನೆಯ ಪ್ರಶ್ನೆ. ಇಲ್ಲಿ ಎರಡು ಬೇರೆ ಬೇರೆ ಮಾತುಗಳು ಕಲಸಿಹೋಗುತ್ತವೆ. ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡನ್ನು 425ರಲ್ಲೇ ಹಿಡಿದಿಟ್ಟರೆ ಉಷ್ಣಾಂಶ ಇನ್ನೂ ಏರುತ್ತದೆ, ಏಕೆಂದರೆ ಕಡಲು ನಿಧಾನವಾಗಿ ಬಿಸಿಯಾಗುವ ದೊಡ್ಡ ಹಂಡೆ. ಅದಿನ್ನೂ ಹಿಂದೆ ಬಿದ್ದಿದೆ. ಹೊರಸೂಸುವಿಕೆಯನ್ನೇ ಶೂನ್ಯ ಮಾಡಿದರೆ ಕತೆ ಬೇರೆ. ಆಗ ಕಡಲು ಮತ್ತು ಕಾಡು ಹೀರುತ್ತಲೇ ಇರುವುದರಿಂದ 425 ಮೆಲ್ಲಗೆ ಇಳಿಯುತ್ತದೆ. ಇಳಿಕೆಯಿಂದ ತಣ್ಣಗಾಗುವುದೂ ಹಿಂದೆ ಬಿದ್ದ ಕಡಲು ಬಿಸಿಯಾಗುವುದೂ ಒಂದನ್ನೊಂದು ಹೆಚ್ಚುಕಡಿಮೆ ಸರಿದೂಗಿಸುತ್ತವೆ. ಫಲವಾಗಿ ಉಷ್ಣಾಂಶ ಇದ್ದಲ್ಲೇ ನಿಲ್ಲುತ್ತದೆ. ಸಾಲ ಮಾಡುವುದನ್ನು ಬಿಟ್ಟ ಮಾತ್ರಕ್ಕೆ ಹಳೆಯ ಸಾಲ ತೀರುವುದಿಲ್ಲವಲ್ಲ, ಹಾಗೆ. ಬಿಟ್ಟ ಅನಿಲದ ಶೇ. 15ರಿಂದ 40ರಷ್ಟು ಸಾವಿರ ವರ್ಷದ ನಂತರವೂ ಗಾಳಿಯಲ್ಲಿರುತ್ತದೆ. ಆದ್ದರಿಂದ ಉಷ್ಣಾಂಶವನ್ನು ತೀರ್ಮಾನಿಸುವುದು ಈ ವರ್ಷ ಎಷ್ಟು ಬಿಟ್ಟೆವು ಎನ್ನುವುದಲ್ಲ, ಮೊದಲಿನಿಂದ ಒಟ್ಟು ಎಷ್ಟು ಬಿಟ್ಟೆವು ಎನ್ನುವುದು. ಪ್ರತಿ 1 ಲಕ್ಷ ಕೋಟಿ ಟನ್ನಿಗೆ ಸುಮಾರು 0.45 ಡಿಗ್ರಿ. 1850ರಿಂದ 2019ರವರೆಗೆ ಬಿಟ್ಟದ್ದು ಸುಮಾರು 2.4 ಲಕ್ಷ ಕೋಟಿ ಟನ್. ಗುಣಿಸಿದರೆ 1.08 ಡಿಗ್ರಿ, ಆ ಹೊತ್ತಿಗೆ ಅಳತೆಯಲ್ಲಿ ಕಂಡ ಏರಿಕೆಯೂ ಅಷ್ಟೇ. ಬಿಸಿ ಮಾಡುವ ಮೀಥೇನ್ ಅನಿಲದ ಪರಿಣಾಮವೂ ತಂಪು ಮಾಡುವ ಗಂಧಕದ ಧೂಳಿನ ಪರಿಣಾಮವೂ ಒಂದನ್ನೊಂದು ಬಹುಪಾಲು ಹೊಡೆದುಹಾಕಿದ್ದರಿಂದ ಇಷ್ಟು ಅಚ್ಚುಕಟ್ಟಾಗಿ ಹೊಂದುತ್ತದೆ ಎಂಬುದನ್ನೂ ಹೇಳಬೇಕು.

ಆ ಎರಡೂ ನಿಮ್ಮ "ಎಲ್ಲವನ್ನೂ" ಎಂಬ ಮಾತಿನೊಳಗೆ ಬರುತ್ತವೆ. ಕಲ್ಲಿದ್ದಲು ಸುಟ್ಟಾಗ ಹುಟ್ಟುವ ಗಂಧಕದ ಸೂಕ್ಷ್ಮ ಕಣಗಳು ಬಿಸಿಲನ್ನು ಹಿಂದಕ್ಕೆ ಅಟ್ಟಿ ಬಿಸಿಯ ಒಂದಷ್ಟು ಭಾಗವನ್ನು ಮರೆಮಾಚುತ್ತಿವೆ. ಅವು ಮಳೆಗೆ ಸಿಕ್ಕಿ ದಿನಗಳಲ್ಲೇ ತೊಳೆದುಹೋಗುತ್ತವೆ. ಹಾಗಾಗಿ ಎಲ್ಲವೂ ಒಮ್ಮೆಲೇ ನಿಂತರೆ ಮೊದಲ ಕೆಲವು ವರ್ಷ ಉಷ್ಣಾಂಶ ಸ್ವಲ್ಪ ಏರಬಹುದು. ಮೀಥೇನ್ ಇದಕ್ಕೆ ವಿರುದ್ಧ. 100 ವರ್ಷದ ಲೆಕ್ಕದಲ್ಲಿ ಅದು ತೂಕಕ್ಕೆ ತೂಕ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು, 20 ವರ್ಷದ ಲೆಕ್ಕದಲ್ಲಿ 80 ಪಟ್ಟು ಪ್ರಬಲ. ಆದರೆ ಗಾಳಿಯಲ್ಲಿ ಅದರ ಆಯಸ್ಸು ಸುಮಾರು 12 ವರ್ಷ. ಅದನ್ನು ಕಡಿತಗೊಳಿಸಿದರೆ ಕೆಲವೇ ದಶಕಗಳಲ್ಲಿ ನಿಜವಾಗಿ ತಣ್ಣಗಾಗುತ್ತದೆ. ಸೋರುವ ಅನಿಲ ಕೊಳವೆ, ಕಸದ ಗುಡ್ಡ, ನೀರು ನಿಂತ ಗದ್ದೆಗಳ ಮಾತು ಇಷ್ಟು ಬರುವುದು ಈ ಕಾರಣಕ್ಕೆ.

ಹೊರಸೂಸುವಿಕೆ ಶೂನ್ಯವಾದರೂ ಕಡಲಿನ ಮಟ್ಟ ಏರುವುದು ಮಾತ್ರ ನಿಲ್ಲುವುದಿಲ್ಲ. 1901ರಿಂದ 2018ರ ನಡುವೆ ಅದು ಸುಮಾರು 20 ಸೆಂಟಿಮೀಟರ್ ಏರಿದೆ. 2006ರಿಂದ 2018ರ ನಡುವಿನ ವೇಗ ವರ್ಷಕ್ಕೆ 3.7 ಮಿಲಿಮೀಟರ್. ಆಳದ ನೀರು ಬಿಸಿಯಾಗಿ ಹಿಗ್ಗುವುದೂ ನೆಲದ ಮೇಲಿನ ಮಂಜುಗಡ್ಡೆ ಹೊಸ ಉಷ್ಣಾಂಶಕ್ಕೆ ಹೊಂದಿಕೊಳ್ಳುವುದೂ ಶತಮಾನಗಳ ಕೆಲಸ.

ಇದ್ದಲ್ಲೇ ನಿಂತ ಉಷ್ಣಾಂಶವನ್ನು ಕೆಳಗಿಳಿಸಬೇಕಾದರೆ ಬಿಟ್ಟದ್ದನ್ನು ಗಾಳಿಯಿಂದ ಹಿಂದಕ್ಕೆ ತೆಗೆಯಬೇಕು. ಮೇಲಿನ 0.45ರ ಲೆಕ್ಕವನ್ನೇ ತಿರುಗಿಸಿ ಹಾಕಿ: ಹತ್ತನೇ ಒಂದು ಡಿಗ್ರಿ ಇಳಿಸಲು ಸುಮಾರು 22,000 ಕೋಟಿ ಟನ್ ತೆಗೆಯಬೇಕು. ಅದು ಇಡೀ ಜಗತ್ತಿನ ಈಗಿನ ಐದೂವರೆ ವರ್ಷದ ಹೊರಸೂಸುವಿಕೆಗೆ ಸಮ.